ತೆರೆದಿಟ್ಟ ದಿಡ್ಡಿ ಬಾಗಿಲು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ನಾಡಿನಲ್ಲಿ ಬಹು ಹಳೆಯದು. ಗಾದೆ ಹಳೆಯದಾದರೂ ಅದು ಎತ್ತಿ ತೋರಿಸುವ ಅವಿವೇಕವು ದಿನದಿನಕ್ಕೆ ಹೊಸದಾಗುತ್ತಲೇ ಇದೆ. ಹಿಂದೆ ರಾಜ್ಯದ ಸಂಪತ್ತು ಕಲ್ಲಿನ ಕೋಟೆಯೊಳಗೆ ಇರುತ್ತಿತ್ತು. ಇಂದು ಅದು ಗಣಕಯಂತ್ರಗಳ ಒಳಗೆ ಸೇರಿದೆ. 2000ದಲ್ಲಿ ಮೊದಲಾದ ‘ಭೂಮಿ’ ಯೋಜನೆಯಿಂದ ರೈತನ ಉತಾರವು ತಲಾಟಿಯ ದಫ್ತರವನ್ನು ಬಿಟ್ಟು ಯಂತ್ರಕ್ಕೆ ಬಂದಿತು. ಗುತ್ತಿಗೆಯ ಟೆಂಡರು, ತೆರಿಗೆಯ ಲೆಕ್ಕ, ಬ್ಯಾಂಕಿನ ಖಾತೆ, ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೆಟು, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲವೂ ಅದೇ ದಾರಿಯಲ್ಲಿ ಹೋದವು. ಇದರಿಂದ ಜನರಿಗೆ ಆದ ಅನುಕೂಲತೆಯನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಈ ಹೊಸ ಕೋಟೆಗೂ ದಿಡ್ಡಿ ಬಾಗಿಲುಗಳುಂಟು. ಅವುಗಳಲ್ಲಿ ಕೆಲವು ವರ್ಷಗಟ್ಟಲೆ ತೆರೆದೇ ಇರುತ್ತವೆ. ತೆರೆದಿವೆಯೆಂಬುದು ಕಾವಲುಗಾರರಿಗೇ ಗೊತ್ತಿರುವುದಿಲ್ಲ. ಅಂಥ ಒಂದು ಬಾಗಿಲಿನ ಸಂಗತಿಯನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ. ಅದರ ಹೆಸರು ಜಾವಾ.

ಈ ಹೆಸರನ್ನು ಕೇಳಿದೊಡನೆ ಇದು ತಂತ್ರಜ್ಞರ ವಿಷಯವೆಂದು ಪುಟವನ್ನು ತಿರುವಬಾರದೆಂದು ವಾಚಕರಲ್ಲಿ ನಮ್ಮ ವಿನಂತಿ. ವಿಷಯವು ತಿಳಿಯಲು ಅಷ್ಟೊಂದು ಕಠಿಣವಾದುದಲ್ಲ. ಗಣಕಯಂತ್ರಗಳಲ್ಲಿ ಹಲವು ಬಗೆಗಳುಂಟು. ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ಭಾಷೆ. ಒಂದಕ್ಕಾಗಿ ಬರೆದ ತಂತ್ರಾಂಶವು ಇನ್ನೊಂದಕ್ಕೆ ಅರ್ಥವಾಗದು. ಅಮೇರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬ ತಂತ್ರಜ್ಞರೂ ಅವರ ಸಂಗಡಿಗರೂ ಈ ತೊಡಕಿಗೆ ಕಂಡುಹಿಡಿದ ಪರಿಹಾರವು 1995ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಒಂದು ನಡುವಣ ಭಾಷೆಯಲ್ಲಿ ತಂತ್ರಾಂಶವನ್ನು ಒಮ್ಮೆ ಸಿದ್ಧಪಡಿಸಬೇಕು; ಪ್ರತಿಯೊಂದು ಯಂತ್ರದೊಳಗೂ ಒಬ್ಬ ದುಭಾಷಿಯನ್ನು ಕೂಡ್ರಿಸಬೇಕು; ಕೆಲಸ ನಡೆಯುವ ಹೊತ್ತಿನಲ್ಲಿ ಆ ದುಭಾಷಿಯು ಅದನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸಿ ಹೇಳಬೇಕು. ಇದೇ ಅದರ ಮರ್ಮ. ಈ ದುಭಾಷಿ, ಅವನ ಸಾಮಗ್ರಿ, ಅವನ ಗ್ರಂಥಭಂಡಾರ ಇವುಗಳಿಗೆಲ್ಲ ಒಟ್ಟಾಗಿ ‘ಜಾವಾ ರನ್‌ಟೈಮ್’ ಎಂದು ಹೆಸರು. ಕಾಫಿಗೆ ಹೆಸರಾದ ಜಾವಾ ದ್ವೀಪದಿಂದ ಹೆಸರು ಬಂದುದರಿಂದ ಹಬೆಯಾಡುವ ಬಟ್ಟಲೇ ಅದರ ಗುರುತು. 2010ರಲ್ಲಿ ಸನ್ ಕಂಪನಿಯನ್ನು ಓರಾಕಲ್ ಕಂಪನಿಯು ಕೊಂಡುಕೊಂಡಿತು. ಮುನ್ನೂರು ಕೋಟಿ ಉಪಕರಣಗಳಲ್ಲಿ ತಮ್ಮ ದುಭಾಷಿಯು ಕೆಲಸ ಮಾಡುತ್ತಿದ್ದಾನೆಂದು ಅವರು ಬಹುಕಾಲ ಡಂಗುರ ಹೊಡೆದರು.

ದುಭಾಷಿಯ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆಂಬುದನ್ನು ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇತಿಹಾಸವನ್ನು ಓದಿದವರಿಗೆ ಹೇಳಬೇಕಾಗಿಲ್ಲ. ದುಭಾಷಿಯನ್ನು ವಶಪಡಿಸಿಕೊಂಡವನು ಕಚೇರಿಯನ್ನೇ ವಶಪಡಿಸಿಕೊಂಡಂತೆ. ಈ ಅಪಾಯವನ್ನು ಜಾವಾವನ್ನು ರಚಿಸಿದವರು ಅರಿಯದವರಾಗಿರಲಿಲ್ಲ. ಅವರು ಒಂದು ಬಂದೋಬಸ್ತನ್ನು ಮಾಡಿದ್ದರು. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಪರಿಚಯವಿಲ್ಲದವನು ಬಂದರೆ ಅವನನ್ನು ಪಡಸಾಲೆಯಲ್ಲಿ ಕೂಡ್ರಿಸಿ ನೀರು ಬೆಲ್ಲ ಕೊಟ್ಟು ಮಾತನಾಡಿಸುತ್ತಿದ್ದರೇ ಹೊರತು, ಒಳಮನೆಗೂ ಧಾನ್ಯದ ಹಗೇವಿಗೂ ಬಿಡುತ್ತಿರಲಿಲ್ಲ. ಅದರಂತೆಯೇ ಜಾಲತಾಣದಿಂದ ಬಂದ ‘ಆಪ್ಲೆಟ್’ ಎಂಬ ಪುಟ್ಟ ತಂತ್ರಾಂಶವು ಯಂತ್ರದ ಪಡಸಾಲೆಯಲ್ಲಿಯೇ ಕುಳಿತು ಕೆಲಸ ಮಾಡಿ ಹೋಗಬೇಕು, ಒಳಗಿನ ಕಡತಗಳನ್ನು ಮುಟ್ಟಕೂಡದು ಎಂಬುದು ಅವರ ಕಟ್ಟಳೆಯಾಗಿತ್ತು. ಕಟ್ಟಳೆಯು ಒಳ್ಳೆಯದೇ. ಆದರೆ ಪಡಸಾಲೆಗೂ ಒಳಮನೆಗೂ ನಡುವಣ ಗೋಡೆಯಲ್ಲಿ ಬಿರುಕುಗಳಿದ್ದವು. ವರ್ಷ ವರ್ಷಕ್ಕೆ ಗ್ರಂಥಭಂಡಾರವು ಬೆಳೆದಂತೆ ಬಿರುಕುಗಳೂ ಬೆಳೆದವು.

2012 ಮತ್ತು 2013 ಈ ಎರಡು ವರ್ಷಗಳಲ್ಲಿ ಈ ಬಿರುಕುಗಳ ಫಲವನ್ನು ಜಗತ್ತು ಉಂಡಿತು. 2012ರ ಫೆಬ್ರುವರಿಯಲ್ಲಿ ಓರಾಕಲ್ ಕಂಪನಿಯು ಒಂದು ದೋಷಕ್ಕೆ ತೇಪೆಯನ್ನು ಹೊರಡಿಸಿತು. ಆದರೆ ಆಪಲ್ ಕಂಪನಿಯು ಅದನ್ನು ತನ್ನ ಯಂತ್ರಗಳಿಗೆ ಒದಗಿಸಿದ್ದು ಏಪ್ರಿಲ್ ತಿಂಗಳಿನಲ್ಲಿ. ನಡುವಣ ಆ ಕೆಲವು ವಾರಗಳಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಎಂಬ ಕುತಂತ್ರಾಂಶವು ಆರು ಲಕ್ಷಕ್ಕೂ ಮಿಕ್ಕಿದ ಯಂತ್ರಗಳನ್ನು ಹೊಕ್ಕಿತು. 2013ರ ಜನವರಿಯಲ್ಲಿ ಇನ್ನೊಂದು ದೋಷವು, ಮದ್ದು ಸಿದ್ಧವಾಗುವ ಮೊದಲೇ, ಕಳ್ಳರ ಕೈಸೇರಿತು. ಅಮೇರಿಕೆಯ ಸರಕಾರದ ಆಂತರಿಕ ಭದ್ರತಾ ಇಲಾಖೆಯೇ ಮುಂದೆ ಬಂದು, ಜಾಲತಾಣ ನೋಡುವ ಬ್ರೌಸರುಗಳಲ್ಲಿ ಜಾವಾವನ್ನು ಮುಚ್ಚಿಬಿಡಿರೆಂದು ಜನರಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ ತೇಪೆ ಬಂದ ಮೇಲೂ ಆ ಸಲಹೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಮರುತಿಂಗಳು ಫೇಸ್‌ಬುಕ್, ಆಪಲ್ ಮೊದಲಾದ ಕಂಪನಿಗಳು ತಮ್ಮ ಸ್ವಂತ ತಂತ್ರಜ್ಞರ ಯಂತ್ರಗಳಿಗೇ ಜಾವಾದ ಬಿರುಕಿನಿಂದ ಕನ್ನ ಬಿದ್ದಿತೆಂದು ಒಪ್ಪಿಕೊಂಡವು. ಲೋಕಕ್ಕೆಲ್ಲ ತಂತ್ರಾಂಶವನ್ನು ಮಾಡಿಕೊಡುವವರ ಮನೆಯ ಗತಿಯೇ ಹೀಗಾದರೆ ನಮ್ಮ ತಾಲೂಕು ಕಚೇರಿಯ ಕಾರಕೂನನ ಮೇಜಿನ ಮೇಲಿನ ಯಂತ್ರದ ಗತಿಯೇನೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನು ನಮ್ಮ ಕಡೆಗೆ ಬರೋಣ. 2000ದ ಮಾಹಿತಿ ತಂತ್ರಜ್ಞಾನ ಕಾನೂನಿನಿಂದ ನಮ್ಮ ದೇಶದಲ್ಲಿ ಗಣಕೀಯ ಸಹಿಗೆ ಕಾಗದದ ಮೇಲಿನ ಸಹಿಯಷ್ಟೇ ಮಾನ್ಯತೆ ದೊರೆಯಿತು. ಟೆಂಡರು ಹಾಕುವ ಗುತ್ತಿಗೆದಾರರು, ಕಂಪನಿಗಳ ವರದಿ ಸಲ್ಲಿಸುವ ಲೆಕ್ಕಪರಿಶೋಧಕರು, ತೆರಿಗೆಯ ಪತ್ರ ತುಂಬುವ ವ್ಯಾಪಾರಿಗಳು, ಇವರೆಲ್ಲರೂ ಬೆರಳಿನಷ್ಟು ಉದ್ದದ ಒಂದು ಟೋಕನ್ನನ್ನು ಯಂತ್ರಕ್ಕೆ ಸಿಕ್ಕಿಸಿ ಸಹಿ ಮಾಡತೊಡಗಿದರು. ಆ ಸಹಿಯ ಕೆಲಸಕ್ಕೆ ಎಷ್ಟೋ ಸರಕಾರಿ ಜಾಲತಾಣಗಳು ಜಾವಾ ಆಪ್ಲೆಟ್ಟನ್ನೇ ನೆಚ್ಚಿಕೊಂಡಿದ್ದವು. ಆಮೇಲೆ ನಡೆದ ಸಂಗತಿ ವಿಚಿತ್ರವಾದುದು. 2014ರ ಜನವರಿಯಲ್ಲಿ ಓರಾಕಲ್ ಕಂಪನಿಯು, ತನಗೆ ನಂಬಿಕೆಯಿಲ್ಲದ ಆಪ್ಲೆಟ್ಟುಗಳನ್ನು ತಡೆಯುವ ಕಟ್ಟುನಿಟ್ಟನ್ನು ತಂದಿತು. ಜೊತೆಗೆ ವಿನಾಯಿತಿಯ ಪಟ್ಟಿಯೆಂಬುದೊಂದನ್ನು ಇಟ್ಟಿತು. ನಮ್ಮ ಜಾಲತಾಣಗಳನ್ನು ನಡೆಯಿಸುವವರು ತಮ್ಮ ಆಪ್ಲೆಟ್ಟನ್ನು ತಿದ್ದಿಕೊಳ್ಳುವ ಬದಲು, ತಮ್ಮ ಹೆಸರನ್ನು ಆ ಪಟ್ಟಿಗೆ ಸೇರಿಸಿರೆಂದೂ, ಹಲವೆಡೆ ಭದ್ರತೆಯ ಮಟ್ಟವನ್ನೇ ಇಳಿಸಿರೆಂದೂ, ಹೊಸ ಜಾವಾ ಹಾಕಬೇಡಿರಿ, ಹಳೆಯದನ್ನೇ ಇಟ್ಟುಕೊಳ್ಳಿರೆಂದೂ ಜನರಿಗೆ ಬುದ್ಧಿವಾದ ಹೇಳಿದರು. ಕೊಪ್ಪೀಕರ ರಸ್ತೆಯ ಅಂಗಡಿಕಾರನೊಬ್ಬನು ಇಂಥ ಒಂದು ಪತ್ರವನ್ನು ತುಂಬಲು ತನ್ನ ಯಂತ್ರದ ಕೀಲಿಯನ್ನು ತೆಗೆದಿಟ್ಟನೆಂದುಕೊಳ್ಳಿರಿ. ಪತ್ರ ತುಂಬುವ ಕೆಲಸವು ಅರ್ಧ ತಾಸಿನಲ್ಲಿ ಮುಗಿಯಿತು. ಕೀಲಿ ಮಾತ್ರ ವರ್ಷಗಟ್ಟಲೆ ತೆಗೆದೇ ಉಳಿಯಿತು. ಅದೇ ಯಂತ್ರದಲ್ಲಿ ಅವನ ಬ್ಯಾಂಕಿನ ವ್ಯವಹಾರವೂ ನಡೆಯುತ್ತಿತ್ತು. ಪ್ರಜೆಯ ಮನೆಯ ಕದವನ್ನು ತೆಗೆಯಿಸುವ ಹಕ್ಕು ಯಾವ ಇಲಾಖೆಗೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಹಳೆಯ ಜಾವಾ ಎಂಬುದು ಹಳೆಯ ಪಾತ್ರೆಯಂತೆ ನಿರುಪದ್ರವಿಯೆಂದು ತಿಳಿಯುವುದು ದೊಡ್ಡ ತಪ್ಪು. ಆರನೆಯ ಆವೃತ್ತಿಗೆ ಪುಕ್ಕಟೆಯ ತೇಪೆಗಳು 2013ರಲ್ಲಿಯೂ, ಏಳನೆಯದಕ್ಕೆ 2015ರ ಏಪ್ರಿಲ್ಲಿನಲ್ಲಿಯೂ ನಿಂತುಹೋದವು. ಅದಾದ ಮೇಲೆ ಕಂಡುಬಂದ ಬಿರುಕುಗಳು ಅವುಗಳಲ್ಲಿ ಹಾಗೆಯೇ ಉಳಿದವು. ಅವು ಎಲ್ಲಿವೆಯೆಂಬ ವಿವರ ಮಾತ್ರ ಎಲ್ಲರಿಗೂ ಬಹಿರಂಗವಾಯಿತು. ಹೊಸದನ್ನು ಹಾಕಿಕೊಂಡವರೂ ಸುರಕ್ಷಿತರಾಗಿರಲಿಲ್ಲ. ಹೊಸ ಜಾವಾ ಬಂದಾಗ ಯಂತ್ರದಲ್ಲಿದ್ದ ಹಳೆಯ ಆವೃತ್ತಿಗಳೆಲ್ಲ ಅಳಿಯುತ್ತಿರಲಿಲ್ಲ. ಈ ಸಂಗತಿಯನ್ನು ಬಳಕೆದಾರರಿಗೆ ತಿಳಿಸದೆ ಸುರಕ್ಷಿತರಾದಿರೆಂಬ ಭ್ರಮೆ ಹುಟ್ಟಿಸಿದ ಆರೋಪವನ್ನು ಅಮೇರಿಕೆಯ ವ್ಯಾಪಾರ ಆಯೋಗವು ಓರಾಕಲ್ ಕಂಪನಿಯ ಮೇಲೆ ಹೊರಿಸಿ, 2015ರ ಡಿಸೆಂಬರದಲ್ಲಿ ರಾಜಿಯ ಕರಾರನ್ನು ಮಾಡಿಸಿತು. ಹೊಸ ಬಾಗಿಲನ್ನು ಕೂಡ್ರಿಸಿ ಹಳೆಯ ಬಾಗಿಲನ್ನು ಹಾಗೆಯೇ ಬಿಟ್ಟ ಬಡಗಿಯ ಕೆಲಸದಂತೆ ಇದಾಯಿತು.

ಕೊನೆಗೆ ಬ್ರೌಸರುಗಳೇ ಆಪ್ಲೆಟ್ಟನ್ನು ಹೊರಗೆ ಹಾಕಿದವು. ಗೂಗಲ್ ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅದಕ್ಕೆ ಬಾಗಿಲು ಮುಚ್ಚಿದವು. 2018ರ ಹನ್ನೊಂದನೆಯ ಆವೃತ್ತಿಯಲ್ಲಿ ಓರಾಕಲ್ ಕಂಪನಿಯೂ ಆ ಸಾಮಗ್ರಿಯನ್ನು ಕಿತ್ತುಹಾಕಿತು. ಹಾಗಾದರೆ ಪೀಡೆ ತೊಲಗಿತಲ್ಲವೆ ಎಂದು ಕೆಲವರು ಕೇಳಬಹುದು. ತೊಲಗಲಿಲ್ಲ. ಪೀಡೆಯು ಅಂಗಡಿಕಾರನ ಮೇಜನ್ನು ಬಿಟ್ಟು ದೊಡ್ಡ ಕಚೇರಿಗಳ ಭಂಡಾರಯಂತ್ರಗಳಿಗೆ ಹೋಯಿತು. ಜಾವಾದ ಮುಖ್ಯ ನೆಲೆಯು ಮೊದಲಿನಿಂದಲೂ ಅಲ್ಲಿಯೇ ಇದ್ದಿತು. ಅಮೇರಿಕೆಯ ಜನರ ಸಾಲದ ಲೆಕ್ಕವನ್ನಿಡುವ ಎಕ್ವಿಫ್ಯಾಕ್ಸ್ ಎಂಬ ಸಂಸ್ಥೆಯಲ್ಲಿ ‘ಸ್ಟ್ರಟ್ಸ್’ ಎಂಬ ಜಾವಾ ಸಾಮಗ್ರಿಯು ಬಳಕೆಯಲ್ಲಿದ್ದಿತು. ಅದರ ದೋಷಕ್ಕೆ 2017ರ ಮಾರ್ಚಿಯಲ್ಲಿಯೇ ತೇಪೆ ಬಂದಿತ್ತು. ಸಂಸ್ಥೆಯು ಅದನ್ನು ಹಚ್ಚಲಿಲ್ಲ. ಮೇ ತಿಂಗಳಿನಿಂದ ಜುಲೈವರೆಗೆ ಕಳ್ಳರು ಒಳಗಿದ್ದು ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳನ್ನು ಹೊತ್ತುಕೊಂಡು ಹೋದರು. ಇಲ್ಲಿ ಮದ್ದಿನ ಕೊರತೆಯಿರಲಿಲ್ಲ. ಮದ್ದನ್ನು ಕುಡಿಸುವವರ ಕೊರತೆಯಿದ್ದಿತು.

ಇದಕ್ಕಿಂತ ದೊಡ್ಡ ಗಂಡಾಂತರವು 2021ರ ಡಿಸೆಂಬರದಲ್ಲಿ ಬಂದಿತು. ಜಾವಾದ ತಂತ್ರಾಂಶಗಳು ತಮ್ಮ ದಿನಚರಿಯನ್ನು ಬರೆದಿಡಲು ‘ಲಾಗ್‌ಫೋರ್‌ಜೆ’ ಎಂಬ ಸಾಮಗ್ರಿಯನ್ನು ಬಳಸುತ್ತವೆ. ಅದರ ದೋಷವನ್ನು ನಮ್ಮ ಅಧಿಕಾರಿಗಳಿಗೆ ಅವರ ಕಚೇರಿಯ ಉದಾಹರಣೆಯಿಂದಲೇ ತಿಳಿಸಬಹುದು. ಆವಕ ಪುಸ್ತಕವನ್ನು ಬರೆಯುವ ಕಾರಕೂನನ ಕೆಲಸವೇನು? ಬಂದ ಅರ್ಜಿಯ ಸಾರಾಂಶವನ್ನು ಪುಸ್ತಕದಲ್ಲಿ ದಾಖಲಿಸುವುದು, ಅಷ್ಟೇ. ಅರ್ಜಿಯಲ್ಲಿ ‘ಇಂಥ ಊರಿನ ಇಂಥವನ ಮನೆಗೆ ಹೋಗಿ, ಅವನು ಕೊಟ್ಟ ಚೀಟಿಯಂತೆ ನಡೆ’ ಎಂದು ಯಾರಾದರೂ ಬರೆದಿದ್ದರೆ, ಅದನ್ನೂ ಹಾಗೆಯೇ ನಕಲು ಮಾಡಬೇಕು. ಲಾಗ್‌ಫೋರ್‌ಜೆ ಎಂಬ ಕಾರಕೂನನು ಅದನ್ನು ಅಪ್ಪಣೆಯೆಂದು ತಿಳಿದು ಎದ್ದು ಹೋಗುತ್ತಿದ್ದನು. ಅಪರಿಚಿತನು ಕೊಟ್ಟ ಚೀಟಿಯನ್ನು ತಂದು ಅದರಂತೆ ಸರಕಾರಿ ತಿಜೋರಿಯನ್ನೂ ತೆಗೆಯುತ್ತಿದ್ದನು. ಯಾವುದೋ ಪತ್ರದ ಹೆಸರಿನ ಜಾಗದಲ್ಲಿ ಒಂದು ಸಾಲು ಬರೆದರೆ ಸಾಕು, ಭಂಡಾರಯಂತ್ರವು ಕಳ್ಳನ ಆಳಾಗುತ್ತಿತ್ತು. 2013ರಿಂದ ಎಂಟು ವರ್ಷ ಈ ದೋಷವು ಯಾರ ಕಣ್ಣಿಗೂ ಬೀಳದೆ ಇದ್ದಿತು. ಚೀನದ ಅಲಿಬಾಬಾ ಸಂಸ್ಥೆಯ ಭದ್ರತಾ ವಿಭಾಗದವರು 2021ರ ನವೆಂಬರದಲ್ಲಿ ಅದನ್ನು ಕಂಡು ತಿಳಿಸಿದರು. ದೋಷಗಳ ತೀವ್ರತೆಯನ್ನು ಅಳೆಯುವ ಮಾಪಕದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ ಬಿದ್ದವು. ಒಂದು ತೇಪೆ ಸಾಲದೆ ಮೂರು ನಾಲ್ಕು ತೇಪೆಗಳನ್ನು ಒಂದರ ಮೇಲೊಂದು ಹಚ್ಚಬೇಕಾಯಿತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ನೆಚ್ಚಿಕೊಂಡಿದ್ದ ಈ ಸಾಮಗ್ರಿಯನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವೇ ಜನ ಸ್ವಯಂಸೇವಕರೆಂಬುದು ಆಗ ಎಲ್ಲರ ಅರಿವಿಗೆ ಬಂದಿತು. ಊರೆಲ್ಲ ನೀರು ಕುಡಿಯುವ ಕೆರೆಯ ಹೂಳನ್ನು ನಾಲ್ವರು ತೆಗೆಯುತ್ತಿದ್ದರು. ಉಳಿದವರು ಕೊಡ ತುಂಬಿಕೊಂಡು ಹೋಗುತ್ತಿದ್ದರು.

ಸಹಿಯ ವಿಷಯದಲ್ಲಿಯೂ ಒಂದು ಸೋಜಿಗವನ್ನು ಹೇಳಬೇಕು. 2020ರಲ್ಲಿ ಬಂದ ಹದಿನೈದನೆಯ ಆವೃತ್ತಿಯಲ್ಲಿ, ಒಂದು ಬಗೆಯ ಗಣಕೀಯ ಸಹಿಯನ್ನು ಪರೀಕ್ಷಿಸುವ ಭಾಗವನ್ನು ಹೊಸದಾಗಿ ಬರೆಯಲಾಯಿತು. ಆಗ ಒಂದು ಸಣ್ಣ ತಪಾಸಣೆಯು ಬಿಟ್ಟುಹೋಯಿತು. ಅದರ ಫಲವಾಗಿ, ಸಹಿಯ ಜಾಗದಲ್ಲಿ ಬರಿಯ ಸೊನ್ನೆಗಳನ್ನಿಟ್ಟರೂ ಜಾವಾ ಅದನ್ನು ಯಾವ ಪತ್ರಕ್ಕಾದರೂ, ಯಾವ ಮನುಷ್ಯನದೆಂದಾದರೂ, ಸರಿಯಾದ ಸಹಿಯೆಂದು ಒಪ್ಪುತ್ತಿತ್ತು. ಮಸಿಯಿಲ್ಲದ ಹೆಬ್ಬೆಟ್ಟಿನ ಗುರುತನ್ನು ನೋಡಿ ಸಬ್‌ರಜಿಸ್ಟ್ರಾರರು ಖರೀದಿ ಪತ್ರವನ್ನು ನೋಂದಿಸಿದಂತಾಯಿತು! 2022ರ ಏಪ್ರಿಲ್ಲಿನಲ್ಲಿ ಇದನ್ನು ಸರಿಪಡಿಸಲಾಯಿತು. ಹಳೆಯ ಎಂಟನೆಯ ಹನ್ನೊಂದನೆಯ ಆವೃತ್ತಿಗಳಲ್ಲಿ ಈ ದೋಷವಿರಲಿಲ್ಲವೆಂಬುದನ್ನು ಗಮನಿಸಬೇಕು. ಹಳೆಯದರಲ್ಲಿ ಹಳೆಯ ದೋಷ, ಹೊಸದರಲ್ಲಿ ಹೊಸ ದೋಷ. ಆದುದರಿಂದ ಒಮ್ಮೆ ಹೊಸದನ್ನು ಕೊಂಡು ನಿಶ್ಚಿಂತರಾಗುವ ಉಪಾಯವು ಇಲ್ಲಿ ಇಲ್ಲ. ಸತತವಾದ ಎಚ್ಚರವೊಂದೇ ಉಪಾಯ.

ನಮ್ಮ ರಾಜ್ಯವು ಇಂಥ ಪೆಟ್ಟನ್ನು ತಿಂದಿಲ್ಲವೆ? ತಿಂದಿದೆ. ಕರ್ನಾಟಕ ಸರಕಾರದ ಇ-ಸಂಗ್ರಹಣೆ ಜಾಲತಾಣಕ್ಕೆ 2019ರಲ್ಲಿ ಕನ್ನ ಬಿದ್ದು, ಗುತ್ತಿಗೆದಾರರು ಇಟ್ಟ ಠೇವಣಿಯ ಹಣದಲ್ಲಿ ಸುಮಾರು ಹನ್ನೊಂದೂವರೆ ಕೋಟಿ ರೂಪಾಯಿಗಳು ಪರಸ್ಥಳದ ಖಾತೆಗಳಿಗೆ ಹರಿದುಹೋದವು. ಈ ಕಳವನ್ನು ನಾವು ಜಾವಾದ ತಲೆಗೆ ಕಟ್ಟುವುದಿಲ್ಲ. ನಮ್ಮ ಮಾತಿನ ತಾತ್ಪರ್ಯ ಬೇರೆ. ಸಾಮಾನ್ಯ ಗುತ್ತಿಗೆದಾರನು ಒಂದು ದಿನ ತಡಮಾಡಿದರೆ ಟೆಂಡರು ತಿರಸ್ಕೃತವಾಗುತ್ತದೆ. ಠೇವಣಿ ಇಡದಿದ್ದರೆ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಅವನಿಂದ ಇಷ್ಟು ಶಿಸ್ತನ್ನು ಅಪೇಕ್ಷಿಸುವ ಸರಕಾರವು, ಅವನ ಹಣವನ್ನಿಟ್ಟ ಪೆಟ್ಟಿಗೆಯ ಕೀಲಿಯ ವಿಷಯದಲ್ಲಿ ಅಷ್ಟೇ ಶಿಸ್ತನ್ನು ತೋರಿಸಿತೆಂದು ಯಾರು ಹೇಳಬಲ್ಲರು? ದೊಡ್ಡ ಊರಿನ ದೊಡ್ಡ ಇಲಾಖೆಯ ಜಾಲತಾಣಕ್ಕೆ ಆದುದು ನಮ್ಮ ಅವಳಿ ನಗರದ ಯಾವ ಸಂಸ್ಥೆಗೂ ಆಗಬಹುದು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ, ಹೆಸ್ಕಾಂ, ವಾಯವ್ಯ ಸಾರಿಗೆ, ಮಹಾನಗರಪಾಲಿಕೆ, ಉಚ್ಚ ನ್ಯಾಯಾಲಯದ ಪೀಠ, ವಿಶ್ವವಿದ್ಯಾಲಯಗಳು ಇವೆಲ್ಲವನ್ನೂ ಹೊತ್ತ ಊರುಗಳಿವು.

ನಮ್ಮನ್ನು ಯಾರು ಕೇಳುತ್ತಾರೆ, ನಮ್ಮ ಸಣ್ಣ ಕಚೇರಿಯ ಮೇಲೆ ಯಾರು ಕಣ್ಣಿಟ್ಟಾರು ಎಂದು ಕೆಲವರು ಉದಾಸೀನದಿಂದ ಹೇಳುವುದುಂಟು. ಕಳ್ಳನು ಮನೆ ಮನೆಗೆ ಬಂದು ಕದ ತಟ್ಟುವ ಕಾಲವು ಹೋಯಿತು. ಲಾಗ್‌ಫೋರ್‌ಜೆ ದೋಷವು ಹೊರಬಿದ್ದೊಡನೆ ಲೋಕದ ಯಂತ್ರಗಳನ್ನೆಲ್ಲ ತಡಕಿ ನೋಡುವ ಕೆಲಸವನ್ನು ಯಂತ್ರಗಳೇ ಮಾಡಿದವು. ಅವಕ್ಕೆ ವಾಷಿಂಗ್ಟನ್ನೂ ಒಂದೇ, ವಿದ್ಯಾನಗರವೂ ಒಂದೇ. ಇದು ಕಳ್ಳತನಕ್ಕಿಂತ ಸಾಂಕ್ರಾಮಿಕ ರೋಗಕ್ಕೆ ಹೆಚ್ಚು ಹತ್ತಿರವಾದುದು. 1898ರಲ್ಲಿ ಹುಬ್ಬಳ್ಳಿಯು ಪ್ಲೇಗಿನ ಹೊಡೆತಕ್ಕೆ ಸಿಕ್ಕ ಕಥೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆಗ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಈ ಊರಿನ ಸಾವಿರಾರು ಜನರಿಗೆ ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಆ ಲಸಿಕೆಯ ಪ್ರಯೋಗವು ನಡೆದ ಮೊದಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಲಸಿಕೆ ಬಂದಿದೆಯೆಂಬ ಸುದ್ದಿಯಿಂದ ಯಾರೂ ಬದುಕುವುದಿಲ್ಲ. ಅದು ತೋಳಿಗೆ ಬೀಳಬೇಕು. ಲಸಿಕೆ ಹಾಕಿಸಿಕೊಳ್ಳದ ಒಂದು ಮನೆಯು ಓಣಿಗೆಲ್ಲ ಅಪಾಯ. ಓರಾಕಲ್ ಕಂಪನಿಯು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ ಹೀಗೆ ವರ್ಷಕ್ಕೆ ನಾಲ್ಕು ಸಲ, ಕಂತಿನ ಪಟ್ಟಿಯಂತೆ ತಪ್ಪದೆ ತೇಪೆಗಳನ್ನು ಹೊರಡಿಸುತ್ತದೆ. ನಮ್ಮ ಕಚೇರಿಗಳಲ್ಲಿ ಆ ನಾಲ್ಕು ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದವರೆಷ್ಟು ಜನ?

ಇನ್ನೊಂದು ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ‘ತೇಪೆ ಹಚ್ಚಿದರೆ ನಮ್ಮ ತಂತ್ರಾಂಶವೇ ನಿಂತುಹೋಗುತ್ತದೆ, ಗುತ್ತಿಗೆ ಹಿಡಿದ ಕಂಪನಿಯವರು ಮುಟ್ಟಬೇಡಿರೆಂದು ಹೇಳಿ ಹೋಗಿದ್ದಾರೆ, ನಾಳೆ ಜನ ಸಾಲುಗಟ್ಟಿ ನಿಂತಾಗ ಯಾರು ಉತ್ತರ ಹೇಳಬೇಕು?’ ಎಂದು ಕಾರಕೂನನು ಕೇಳುತ್ತಾನೆ. ಅವನ ಮಾತು ನ್ಯಾಯವಾದುದು. ಆ ಬಡವನನ್ನು ದೂರುವುದರಲ್ಲಿ ಅರ್ಥವಿಲ್ಲ. ತಪ್ಪು ಇರುವುದು ಟೆಂಡರಿನ ಕರಾರಿನಲ್ಲಿ. ರಸ್ತೆಯ ಗುತ್ತಿಗೆಯಲ್ಲಿ ಇಷ್ಟು ವರ್ಷ ಗುಂಡಿ ಮುಚ್ಚಬೇಕೆಂಬ ಹೊಣೆಯನ್ನು ಬರೆಯಿಸಿಕೊಳ್ಳುವ ಸರಕಾರವು, ತಂತ್ರಾಂಶದ ಗುತ್ತಿಗೆಯಲ್ಲಿ ಅದರ ಕೆಳಗಿನ ರನ್‌ಟೈಮು ಹೊಸದಾದಂತೆ ತಂತ್ರಾಂಶವನ್ನೂ ಹೊಂದಿಸಿಕೊಡಬೇಕೆಂಬ ಹೊಣೆಯನ್ನು ಬರೆಯಿಸಿಕೊಳ್ಳಬೇಕು. ಕಟ್ಟಿಕೊಟ್ಟು ಬಿಲ್ಲು ತೆಗೆದುಕೊಂಡು ಹೋದವನನ್ನು ಹತ್ತು ವರ್ಷಗಳ ಮೇಲೆ ಹುಡುಕಿದರೆ ಸಿಕ್ಕುವನೆ?

ಜಾವಾವನ್ನೇ ಒಗೆದುಬಿಡೋಣವೆಂದು ಹೇಳುವವರೂ ಇದ್ದಾರೆ. ಇದು ಇಲಿಗೆ ಹೆದರಿ ಹಗೇವನ್ನೇ ಮುಚ್ಚುವ ಯೋಚನೆ. ಬ್ಯಾಂಕುಗಳ, ಸರಕಾರಗಳ ಅಸಂಖ್ಯ ತಂತ್ರಾಂಶಗಳು ಅದರ ಮೇಲೆ ನಿಂತಿವೆ. ಬೇರೆ ರನ್‌ಟೈಮುಗಳಲ್ಲಿ ಬಿರುಕುಗಳಿಲ್ಲವೆಂದು ಯಾವ ತಂತ್ರಜ್ಞನೂ ಹೇಳಲಾರನು. ಇಂದಿನ ಜಾವಾ ಹದಿನೈದು ವರ್ಷಗಳ ಹಿಂದಿನದಕ್ಕಿಂತ ಎಷ್ಟೋ ಮೇಲು. ಖರ್ಚಿನ ಮಾತು ಮಾತ್ರ ವಿಚಾರಾರ್ಹವಾದುದು. 2019ರಿಂದ ಓರಾಕಲ್ ಕಂಪನಿಯು ತನ್ನ ಎಂಟನೆಯ ಆವೃತ್ತಿಯ ಹೊಸ ತೇಪೆಗಳಿಗೆ ವ್ಯಾಪಾರಿ ಬಳಕೆದಾರರಿಂದ ಹಣ ಕೇಳತೊಡಗಿತು. 2023ರಿಂದ ಅದರ ಚಂದಾವನ್ನು ಸಂಸ್ಥೆಯ ಒಟ್ಟು ನೌಕರರ ತಲೆ ಎಣಿಸಿ ಗೊತ್ತುಮಾಡುವ ಪದ್ಧತಿ ಬಂದಿತು. ಹಣಕ್ಕೆ ಅಂಜಿ ತೇಪೆಯನ್ನೇ ಬಿಟ್ಟ ಸಂಸ್ಥೆಗಳು ಕನ್ನಗಳ್ಳರಿಗೆ ಬಿಟ್ಟಿ ಆಮಂತ್ರಣವನ್ನು ಕೊಟ್ಟಂತಾಗುತ್ತದೆ. ಆದರೆ ಪುಕ್ಕಟೆಯ ಮಾರ್ಗವೂ ಉಂಟು. ಇದೇ ಜಾವಾದ ಮೂಲವು ‘ಓಪನ್‌ಜೆಡಿಕೆ’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದಿದೆ. ಅದರಿಂದ ಸಿದ್ಧವಾದ ಆವೃತ್ತಿಗಳು ಯಾವ ಚಂದಾ ಇಲ್ಲದೆ, ತೇಪೆಗಳ ಸಹಿತ ದೊರೆಯುತ್ತವೆ. ಪರಾವಲಂಬನೆಯ ಸಂಕೋಲೆಯನ್ನು ಕಳಚಲು ಇಷ್ಟು ಸುಲಭವಾದ ಅವಕಾಶವು ಬೇರೆ ಕ್ಷೇತ್ರಗಳಲ್ಲಿ ವಿರಳ. ಸ್ವಾವಲಂಬನೆಯೆಂದರೆ ಎಲ್ಲವನ್ನೂ ನಾವೇ ಹೊಸದಾಗಿ ಕಟ್ಟಬೇಕೆಂದಲ್ಲ. ನಾವು ಬಳಸುವುದನ್ನು ಬಿಚ್ಚಿ ನೋಡಿ ತಿದ್ದಬಲ್ಲ ಜನರು ನಮ್ಮಲ್ಲಿರಬೇಕೆಂದು ಅದರ ಅರ್ಥ. ಧಾರವಾಡದಲ್ಲಿ 2015ರಲ್ಲಿ ಐಐಐಟಿಯೂ 2016ರಲ್ಲಿ ಐಐಟಿಯೂ ಆರಂಭವಾದವು. 1947ರಲ್ಲಿ ಹುಟ್ಟಿದ ಭೂಮರಡ್ಡಿ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಇಲ್ಲಿ ಓದಿದ ತರುಣರು ರೈಲು ಹತ್ತಿ ಬೆಂಗಳೂರಿಗೂ ವಿಮಾನ ಹತ್ತಿ ಪರದೇಶಕ್ಕೂ ಹೋಗಿ ಅಲ್ಲಿಯ ಕಂಪನಿಗಳ ಬಿರುಕುಗಳನ್ನು ಮುಚ್ಚುತ್ತಾರೆ. ಅವರಲ್ಲಿ ಕೆಲವರನ್ನಾದರೂ ತಮ್ಮ ಊರಿನ ಕಚೇರಿಗಳ ಕೆಲಸಕ್ಕೆ ಯೋಗ್ಯ ಸಂಬಳ ಕೊಟ್ಟು ನಿಲ್ಲಿಸಿಕೊಳ್ಳುವ ಬುದ್ಧಿ ನಮ್ಮ ಸರಕಾರಕ್ಕೆ ಬರಬಾರದೆ?

2024ರಲ್ಲಿ ಕರ್ನಾಟಕ ಸರಕಾರವು ಸೈಬರ್ ಭದ್ರತೆಯ ನೀತಿಯನ್ನು ಪ್ರಕಟಿಸಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನೀತಿಯು ಬೆಂಗಳೂರಿನ ಸಭಾಭವನದಿಂದ ಹೊರಟು ತಾಲೂಕಿನ ಮೇಜನ್ನು ಮುಟ್ಟಬೇಕಾದರೆ ಕೆಲವು ಕಾರ್ಯಗಳು ಆಗಲೇಬೇಕು. ಮೊದಲನೆಯದಾಗಿ, ಪ್ರತಿಯೊಂದು ಕಚೇರಿಯಲ್ಲಿ ಮೇಜು ಕುರ್ಚಿಗಳ ಯಾದಿಯಿರುವಂತೆ, ಯಾವ ಯಂತ್ರದಲ್ಲಿ ಯಾವ ರನ್‌ಟೈಮಿನ ಯಾವ ಆವೃತ್ತಿಯಿದೆ, ಯಾವ ಯಾವ ಸಾಮಗ್ರಿಗಳು ಅದರ ಮೇಲೆ ಕುಳಿತಿವೆ ಎಂಬ ಯಾದಿಯಿರಬೇಕು. ಲಾಗ್‌ಫೋರ್‌ಜೆ ದೋಷವು ಬಂದಾಗ ಲೋಕದ ಸಂಸ್ಥೆಗಳು ಅನುಭವಿಸಿದ ದೊಡ್ಡ ಪೇಚೆಂದರೆ, ಅದು ತಮ್ಮಲ್ಲಿ ಎಲ್ಲೆಲ್ಲಿದೆಯೆಂಬುದೇ ಅವಕ್ಕೆ ತಿಳಿಯದಿದ್ದುದು. ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು 2024ರಲ್ಲಿ ಇಂಥ ಘಟಕಗಳ ಪಟ್ಟಿಯ ಬಗೆಗೆ ಮಾರ್ಗಸೂಚಿಯನ್ನು ಹೊರಡಿಸಿದೆ. ಅದು ಕಡತದಲ್ಲಿಯೇ ಉಳಿಯಬಾರದು. ಎರಡನೆಯದಾಗಿ, ತೇಪೆ ಹಚ್ಚುವ ಹೊಣೆಯು ಒಬ್ಬ ಅಧಿಕಾರಿಯ ಹೆಸರಿಗೆ ಇರಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ. ಮೂರನೆಯದಾಗಿ, ಯಾವ ಸರಕಾರಿ ಜಾಲತಾಣವೂ ಪ್ರಜೆಗೆ ಭದ್ರತೆಯನ್ನು ಇಳಿಸೆಂದೂ ಹಳೆಯ ರನ್‌ಟೈಮನ್ನು ಹಾಕೆಂದೂ ಹೇಳಕೂಡದೆಂಬ ಆಜ್ಞೆ ಹೊರಡಬೇಕು. ನಾಲ್ಕನೆಯದಾಗಿ, ದೋಷಗಳ ಮುನ್ನೆಚ್ಚರಿಕೆಯು ಕನ್ನಡದಲ್ಲಿ ಬರಬೇಕು. ಬೆಳೆಗೆ ರೋಗ ಬಂದರೆ ಕೃಷಿ ಇಲಾಖೆಯವರು ರೈತನಿಗೆ ಕನ್ನಡದಲ್ಲಿ ತಿಳಿಸುತ್ತಾರೆ. ಯಂತ್ರಕ್ಕೆ ರೋಗ ಬಂದಾಗ ಮಾತ್ರ ಇಂಗ್ಲೀಷಿನ ಸುತ್ತೋಲೆಯು ಮೇಲಿನ ಕಚೇರಿಯಲ್ಲಿಯೇ ಫೈಲು ಸೇರಬೇಕೆ? ಕನ್ನಡದಲ್ಲಿ ಆಡಳಿತವೆಂದರೆ ಬರಿಯ ನಾಮಫಲಕಗಳ ಮಾತಲ್ಲ. ಐದನೆಯದಾಗಿ, ಕನ್ನ ಬಿದ್ದ ಆರು ತಾಸಿನೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶವನ್ನು ನಿಷ್ಠೆಯಿಂದ ಪಾಲಿಸಬೇಕು. ಅದಕ್ಕಾಗಿ, ಮೊದಲು ಕಂಡು ಹೇಳಿದ ನೌಕರನಿಗೆ ನೋಟೀಸು ಕೊಡುವ ಚಾಳಿಯನ್ನು ಮೇಲಧಿಕಾರಿಗಳು ಬಿಡಬೇಕು. ಹೇಳಿದವನಿಗೆ ದಂಡವಾದರೆ ಮುಂದೆ ಯಾರೂ ಹೇಳರು.

ನಾಗರಿಕರಿಗೂ ಒಂದು ಮಾತು. ನಿಮ್ಮ ಅಂಗಡಿಯ, ಮನೆಯ ಯಂತ್ರದಲ್ಲಿ ಯಾವುದೋ ಪತ್ರ ತುಂಬುವುದಕ್ಕಾಗಿ ಎಂದೋ ಹಾಕಿಸಿದ ಹಳೆಯ ಜಾವಾ ಈಗಲೂ ಕುಳಿತಿರಬಹುದು. ಬೇಕಿಲ್ಲದಿದ್ದರೆ ತೆಗೆಯಿಸಿರಿ, ಬೇಕಾಗಿದ್ದರೆ ಹಳೆಯ ಆವೃತ್ತಿಗಳನ್ನೆಲ್ಲ ಅಳಿಸಿ ಹೊಸದೊಂದನ್ನೇ ಇಡಿಸಿರಿ. ವಿನಾಯಿತಿಯ ಪಟ್ಟಿಯಲ್ಲಿ ಯಾರ ಹೆಸರಿದೆಯೆಂದು ನೋಡಿರಿ. ಸಹಿಯ ಟೋಕನ್ನನ್ನು ಕೆಲಸ ಮುಗಿದೊಡನೆ ಕಿತ್ತು ತಿಜೋರಿಯಲ್ಲಿಡಿರಿ. ಗುಮಾಸ್ತನ ಕೈಗೂ ಏಜೆಂಟನ ಕೈಗೂ ಅದರ ಗುಪ್ತಸಂಖ್ಯೆಯ ಸಹಿತ ಒಪ್ಪಿಸುವುದೆಂದರೆ ಬರಿಯ ಕಾಗದಕ್ಕೆ ರುಜು ಮಾಡಿ ಕೊಟ್ಟಂತೆಯೇ ಸರಿ.

ಬಿರುಕುಗಳಿಲ್ಲದ ಗೋಡೆಯನ್ನು ಮನುಷ್ಯನು ಇನ್ನೂ ಕಟ್ಟಿಲ್ಲ. ಕಟ್ಟುವನೆಂಬ ಆಶೆಯೂ ನಮಗಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮಣ್ಣನ್ನು ವರ್ಷ ವರ್ಷ ಬಡಿದು ಗಟ್ಟಿಮಾಡುವ ಸಂಪ್ರದಾಯ ನಮ್ಮ ಹಳ್ಳಿಗಳಲ್ಲಿದೆ. ಸೋರಿದ ಮೇಲೆ ಬಡಿಯೋಣವೆಂದು ಯಾವ ಗೃಹಸ್ಥನೂ ಕೂಡ್ರುವುದಿಲ್ಲ. ತನ್ನ ಮಣ್ಣಿನ ಮಾಳಿಗೆಯ ವಿಷಯದಲ್ಲಿ ರೈತನು ತೋರಿಸುವ ಈ ವಿವೇಕವನ್ನು, ಆ ರೈತನ ಉತಾರವನ್ನೂ ಠೇವಣಿಯನ್ನೂ ಕಾಯುವ ಸರಕಾರವು ತನ್ನ ಯಂತ್ರಗಳ ವಿಷಯದಲ್ಲಿ ತೋರಿಸಬೇಕೆಂಬುದೇ ನಮ್ಮ ಬೇಡಿಕೆ. ಕೋಟೆ ಇನ್ನೂ ನಿಂತಿರುವಾಗಲೇ ಅಧಿಕಾರಿಗಳು ಕಂದೀಲು ಹಿಡಿದು ಒಮ್ಮೆ ಸುತ್ತಿ ಬರಲಿ. ತೆರೆದಿಟ್ಟ ದಿಡ್ಡಿ ಬಾಗಿಲುಗಳ ಲೆಕ್ಕವನ್ನು ಜನರಿಗೆ ಒಪ್ಪಿಸಲಿ.